ಪೊಟ್ಟಣದ ಬದಲು ಮನೆಯ ಡಬ್ಬಿ: ಯಾವುದನ್ನು ಮಾಡಿಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮ್ಮದು ನಾಲ್ಕು ಜನರ ಕುಟುಂಬ. ಮಸಾಲೆ ಪುಡಿ, ಸೂಪ್ ಪುಡಿ, ಕೇಕ್ ಮಿಶ್ರಣ, ತಿಂಡಿಯ ಮೇಲೆ ಉದುರಿಸುವ ಮಸಾಲೆ ಎಂದು ಕೊಳ್ಳುವ ಸಣ್ಣ ಸಣ್ಣ ಪೊಟ್ಟಣಗಳೇ ತಿಂಗಳ ದಿನಸಿ ಲೆಕ್ಕದಲ್ಲಿ ದೊಡ್ಡ ಮೊತ್ತವಾಗುತ್ತಿವೆ. ಇವನ್ನು ಮನೆಯಲ್ಲೇ ಮಾಡಿಟ್ಟುಕೊಂಡರೆ ನಿಜವಾಗಿ ಹಣ ಉಳಿಯುತ್ತದೆಯೇ? ಹಿಂದೆ ಮಾಡಿದ್ದ ಒಂದು ಪುಡಿ ಎರಡೇ ವಾರದಲ್ಲಿ ಗಂಟು ಕಟ್ಟಿತು, ಇನ್ನೊಂದು ಘಮ ಕಳೆದುಕೊಂಡು ಮೂಲೆ ಸೇರಿತು. ಮಕ್ಕಳಿಗೆ ಪೊಟ್ಟಣದ ರುಚಿಯೇ ಬೇಕು. ಎಲ್ಲಿಂದ ಆರಂಭಿಸಲಿ?

ಉತ್ತರ: ಹಣ ಖಂಡಿತ ಉಳಿಯುತ್ತದೆ. ಆದರೆ ನೀವು ಪಟ್ಟಿ ಮಾಡಿದ ಎಲ್ಲದರಲ್ಲೂ ಅಲ್ಲ. ನಿಮ್ಮ ಎರಡನೆಯ ಡಬ್ಬಿ, ಅಂದರೆ ಘಮ ಕಳೆದುಕೊಂಡು ಮೂಲೆ ಸೇರಿದ್ದು, ಪೊಟ್ಟಣಕ್ಕಿಂತ ದುಬಾರಿಯಾಯಿತು. ಸಾಮಗ್ರಿಯ ಹಣ, ಒಲೆಯ ಉರಿ, ನಿಮ್ಮ ಮಧ್ಯಾಹ್ನ ಎಲ್ಲವೂ ಹೋಯಿತು, ಅಡುಗೆಗೆ ಸಿಕ್ಕಿದ್ದು ಏನೂ ಇಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ನಿಮ್ಮ ಮನೆಯಲ್ಲಿ ಬೇಗ ಬೇಗ ಖಾಲಿಯಾಗುವ ಎರಡು ಮೂರು ಮಿಶ್ರಣಗಳನ್ನು ಮಾತ್ರ ಹಿಡಿಯಿರಿ, ಅವನ್ನು ಆರರಿಂದ ಎಂಟು ವಾರಗಳಲ್ಲಿ ಮುಗಿಯುವಷ್ಟೇ ಮಾಡಿ. ಉಳಿದವನ್ನು ಕೊಂಡುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಆ ಎರಡು ಮೂರನ್ನು ಆರಿಸುವುದು ಹೇಗೆ? ಕಳೆದ ಎರಡು ತಿಂಗಳಲ್ಲಿ ಯಾವ ಪೊಟ್ಟಣವನ್ನು ಮತ್ತೆ ಮತ್ತೆ ತಂದಿರಿ ಎಂದು ಬರೆದುಕೊಳ್ಳಿ. ಆಮೇಲೆ ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಬಹುತೇಕ ದೇಶಗಳ ಆಹಾರ ನಿಯಮದಂತೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕು. ಹೆಚ್ಚು ಇರುವುದು ಮೊದಲು ಬರುತ್ತದೆ. ಮೊದಲ ಎರಡು ಹೆಸರುಗಳು ಉಪ್ಪು, ಸಕ್ಕರೆ, ಪಿಷ್ಟ, ಮೈದಾ ಎಂದಿದ್ದರೆ ನೀವು ಮಸಾಲೆಯ ಬೆಲೆ ಕೊಟ್ಟು ಉಪ್ಪನ್ನೋ ಹಿಟ್ಟನ್ನೋ ಕೊಳ್ಳುತ್ತಿದ್ದೀರಿ. ಸೂಪ್ ಪುಡಿ, ಉದುರಿಸುವ ಮಸಾಲೆ, ಪ್ಯಾನ್‌ಕೇಕ್ ಹಿಟ್ಟು, ಕುಡಿಯುವ ಚಾಕೊಲೇಟ್ ಪುಡಿ ಸಾಮಾನ್ಯವಾಗಿ ಈ ಗುಂಪಿನವು. ದೊಡ್ಡ ಉಳಿತಾಯ ಇರುವುದು ಇಲ್ಲಿಯೇ. ಮೊದಲ ಹೆಸರುಗಳು ನಿಜವಾದ ಮಸಾಲೆ ಪದಾರ್ಥಗಳಾಗಿದ್ದರೆ ಮನೆಯಲ್ಲಿ ಮಾಡುವುದರಿಂದ ಘಮ ಹೆಚ್ಚುತ್ತದೆ, ಹಣ ಸ್ವಲ್ಪವೇ ಉಳಿಯುತ್ತದೆ.

ಲೆಕ್ಕ ಹಾಕುವಾಗ ಪೊಟ್ಟಣದ ಬೆಲೆಯನ್ನೂ ಡಬ್ಬಿಯ ಬೆಲೆಯನ್ನೂ ನೇರವಾಗಿ ಹೋಲಿಸಬೇಡಿ. ಒಂದು ಬಟ್ಟಲು ಸೂಪಿಗೆ, ಒಂದು ಹೊತ್ತಿನ ಅಡುಗೆಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಪೊಟ್ಟಣದ ಬೆಲೆಯನ್ನು ಅದರಿಂದ ಆಗುವ ಬಟ್ಟಲುಗಳ ಸಂಖ್ಯೆಯಿಂದ ಭಾಗಿಸಿ. ಮನೆಯ ಮಿಶ್ರಣಕ್ಕೂ ಹಾಗೆಯೇ ಮಾಡಿ. ಆದರೆ ಇಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ಅಂಶವಿದೆ: ಆ ಮಿಶ್ರಣಕ್ಕೆಂದೇ ತಂದು, ಒಂದು ಚಮಚ ಬಳಸಿ, ಉಳಿದದ್ದು ಕಪಾಟಿನಲ್ಲಿ ಹಳೆಯದಾಗುವ ಸಾಮಗ್ರಿಯ ಪೂರ್ತಿ ಬೆಲೆಯನ್ನೂ ಸೇರಿಸಬೇಕು. ಹದಿನಾಲ್ಕು ಪದಾರ್ಥಗಳ ಮಿಶ್ರಣವೊಂದರಲ್ಲಿ ಆರು ನಿಮ್ಮ ಅಡುಗೆಮನೆಗೆ ಹೊಸವು ಎಂದಾದರೆ ಆ ಪೊಟ್ಟಣವನ್ನು ಧಾರಾಳವಾಗಿ ಕೊಳ್ಳಿ. ಬೇರೆ ಅಡುಗೆಗೆ ಬಳಸದ ಪದಾರ್ಥ ಎರಡಕ್ಕಿಂತ ಹೆಚ್ಚಿದ್ದರೆ ನಾನು ಆ ಮಿಶ್ರಣವನ್ನು ಮನೆಯಲ್ಲಿ ಮಾಡಲು ಹೇಳುವುದಿಲ್ಲ. ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿಯನ್ನು ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸಿ ಮಾಡುವುದೂ ಅಷ್ಟೇ. ಬಿಸಿಲು ಧಾರಾಳವಾಗಿದ್ದರೆ ಸರಿ; ವಿದ್ಯುತ್ತಿನಲ್ಲಿ ಒಣಗಿಸುವುದಾದರೆ ಆ ಪುಡಿಗಳನ್ನು ಕೊಂಡು ತಂದು ಮಿಶ್ರಣಕ್ಕೆ ಸೇರಿಸುವುದೇ ಅಗ್ಗ.

ಈಗ ಘಮದ ವಿಚಾರ. ಮಸಾಲೆಯ ಪರಿಮಳವೆಲ್ಲ ಅದರೊಳಗಿನ ಆವಿಯಾಗುವ ಎಣ್ಣೆಗಳಲ್ಲಿದೆ. ಇಡೀ ಕಾಳಿನಲ್ಲಿ ಆ ಎಣ್ಣೆಗೆ ಸಿಪ್ಪೆಯ ರಕ್ಷಣೆ ಇರುತ್ತದೆ. ಪುಡಿ ಮಾಡಿದ ಕ್ಷಣದಿಂದ ಗಾಳಿ, ಬೆಳಕು, ಬಿಸಿ ಮೂರೂ ಅದನ್ನು ಕಸಿದುಕೊಳ್ಳಲು ಆರಂಭಿಸುತ್ತವೆ. ಇಡೀ ಕಾಳು ವರ್ಷಗಟ್ಟಲೆ ತಡೆಯುತ್ತದೆ, ಮನೆಯಲ್ಲಿ ಹುರಿದು ಮಾಡಿದ ಪುಡಿ ಮೊದಲ ಎರಡು ತಿಂಗಳಲ್ಲೇ ಅತ್ಯುತ್ತಮವಾಗಿರುತ್ತದೆ. ಹಾಗಾಗಿ ನಿಮಗೆ ಅಪರೂಪಕ್ಕೆ ಬೇಕಾಗುವ ಮಸಾಲೆಯಾದರೆ ಪುಡಿ ಮಾಡಿ ಇಡಲೇಬೇಡಿ. ಇಡೀ ಕಾಳುಗಳನ್ನೇ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಒಂದು ಡಬ್ಬಿಯಲ್ಲಿಡಿ, ಬೇಕಾದಾಗ ಎರಡು ಚಮಚ ತೆಗೆದು ಹುರಿದು ಕುಟ್ಟಿಕೊಳ್ಳಿ. ಐದು ನಿಮಿಷದ ಕೆಲಸ. ಕಡಿಮೆ ಜನರಿರುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ಪುಡಿಯೇ ಬೇಕೆಂದರೆ ಹುರಿಯುವುದರಲ್ಲಿ ಅವಸರ ಬೇಡ. ಪದಾರ್ಥಗಳನ್ನೆಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಜೀರಿಗೆ ಕಪ್ಪಾಗುವ ಹೊತ್ತಿಗೆ ಕೊತ್ತಂಬರಿ ಬೀಜ ಇನ್ನೂ ಹಸಿಯಾಗಿಯೇ ಇರುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತ ಹುರಿಯಿರಿ. ಬಣ್ಣ ಪೂರ್ತಿ ಬದಲಾಗುವವರೆಗೆ ಕಾಯಬಾರದು. ಹಸಿವಾಸನೆ ಹೋಗಿ ಘಮ ಎದ್ದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಬೇಕು, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಮತ್ತಷ್ಟು ಹುರಿದು ಕಹಿಯಾಗುತ್ತದೆ. ಒಣ ಮೆಣಸಿನಕಾಯಿ ಕೊನೆಗೆ ಬರಲಿ, ಕಿಟಕಿ ತೆರೆದಿರಲಿ. ಅರಿಸಿನದ ಪುಡಿ, ಶುಂಠಿ ಪುಡಿಯಂತಹ ಈಗಾಗಲೇ ಪುಡಿಯಾಗಿರುವವನ್ನು ಹುರಿಯುವ ಅಗತ್ಯವಿಲ್ಲ, ಕೊನೆಯಲ್ಲಿ ಬೆರೆಸಿದರೆ ಸಾಕು.

ಹುರಿದದ್ದು ಪೂರ್ತಿ ತಣ್ಣಗಾಗಬೇಕು. ಮುಟ್ಟಿದರೆ ಬಿಸಿ ಇಲ್ಲ ಎಂಬಷ್ಟು ಸಾಲದು, ಇನ್ನೂ ಅರ್ಧ ಗಂಟೆ ಬಿಡಿ. ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸದೆ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ, ಇಲ್ಲದಿದ್ದರೆ ಜಾರ್ ಕಾದು ನೀವು ಉಳಿಸಲು ಹೊರಟ ಪರಿಮಳವೇ ಹಾರಿಹೋಗುತ್ತದೆ. ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೊಮ್ಮೆ ಪುಡಿ ಮಾಡಿ. ಪುಡಿಯಾದ ಮೇಲೂ ಅದು ಬೆಚ್ಚಗಿರುತ್ತದೆ; ಮತ್ತೆ ಹರಡಿ ಆರಿಸಿ ಆಮೇಲೆ ಡಬ್ಬಿಗೆ ತುಂಬಿ. ಬೆಚ್ಚಗಿನ ಪುಡಿಯನ್ನು ಮುಚ್ಚಿಟ್ಟರೆ ಮುಚ್ಚಳದ ಒಳಗೆ ಕಾಣದಷ್ಟು ಸಣ್ಣಗೆ ನೀರು ಕಟ್ಟುತ್ತದೆ, ಗಂಟು ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ಮೊದಲ ಡಬ್ಬಿ ಗಂಟು ಕಟ್ಟಿದ್ದಕ್ಕೆ ಇದೊಂದೇ ಕಾರಣ ಇರಲಾರದು. ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಸಕ್ಕರೆ ಪುಡಿ, ಉಪ್ಪು ಇವೆಲ್ಲ ಗಾಳಿಯ ತೇವವನ್ನು ಹೀರುತ್ತವೆ; ಮೊದಲಿನ ಎರಡಂತೂ ಬಹಳ ಬೇಗ. ಕಾರ್ಖಾನೆಯ ಪುಡಿ ಸಡಿಲವಾಗಿ ಉದುರಲು ಅದರಲ್ಲಿ ಸಿಲಿಕಾನ್ ಡೈಆಕ್ಸೈಡ್‌ನಂತಹ, ಗಂಟು ತಡೆಯುವ ವಸ್ತು ಇರುತ್ತದೆ. ಮನೆಯಲ್ಲಿ ಅದರ ಕೆಲಸವನ್ನು ಕಾರ್ನ್‌ಫ್ಲೋರ್ ಮಾಡುತ್ತದೆ: ನೂರು ಗ್ರಾಂ ಮಿಶ್ರಣಕ್ಕೆ ಒಂದು ಸಣ್ಣ ಚಮಚ ಸಾಕು. ಆದರೆ ಗಂಟಿನ ಬಹುದೊಡ್ಡ ಕಾರಣ ಡಬ್ಬಿಯನ್ನು ಕುದಿಯುವ ಪಾತ್ರೆಯ ಮೇಲೆ ಹಿಡಿದು ಪುಡಿ ಉದುರಿಸುವ ಅಭ್ಯಾಸ. ಹಬೆ ನೇರವಾಗಿ ಡಬ್ಬಿಯೊಳಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು, ಮುಚ್ಚಳ ಹಾಕಿ, ಆಮೇಲೆ ಪಾತ್ರೆಗೆ ಹಾಕಿ. ಈ ಒಂದು ಬದಲಾವಣೆಯಿಂದಲೇ ನಿಮ್ಮ ಮುಂದಿನ ಡಬ್ಬಿ ಹೆಚ್ಚು ಕಾಲ ಉಳಿಯುತ್ತದೆ. ಗಂಟಾದ ಪುಡಿಯಲ್ಲಿ ಬೂಷ್ಟು, ಮುಗ್ಗಲು ವಾಸನೆ ಇಲ್ಲದಿದ್ದರೆ ಮುರಿದು ಜರಡಿ ಹಿಡಿದು ಬಳಸಬಹುದು. ಬೂಷ್ಟಿನ ಒಂದು ಚುಕ್ಕೆ ಕಂಡರೂ ಇಡೀ ಡಬ್ಬಿಯನ್ನು ಎಸೆಯಿರಿ, ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸಬೇಡಿ.

ಉಪ್ಪಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ಮಸಾಲೆ ಪುಡಿಗೆ ಉಪ್ಪು ಬೆರೆಸಬೇಡಿ. ಬೆರೆಸಿದರೆ ಘಮ ಹೆಚ್ಚಬೇಕೆಂದು ಇನ್ನೊಂದು ಚಮಚ ಹಾಕಿದಾಗ ಉಪ್ಪೂ ಹೆಚ್ಚುತ್ತದೆ, ಉಪ್ಪು ಸರಿಯಾಗಲೆಂದು ಕೈ ಹಿಡಿದರೆ ಮಸಾಲೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಪೊಟ್ಟಣದ ಮಸಾಲೆಗಳು ಇದರ ದೊಡ್ಡ ಪಾಲನ್ನು ನಮಗೆ ಅರಿವಾಗದಂತೆ ತಿನ್ನಿಸಿಬಿಡುತ್ತವೆ. ಮನೆಯ ಡಬ್ಬಿಯಲ್ಲಿ ಅದು ನಿಮ್ಮ ಕೈಯಲ್ಲಿರುತ್ತದೆ, ಮನೆಯಲ್ಲಿ ರಕ್ತದೊತ್ತಡ ಇರುವವರಿದ್ದರೆ ಇದು ಹಣಕ್ಕಿಂತ ದೊಡ್ಡ ಲಾಭ. ಉದುರಿಸುವ ಮಸಾಲೆ, ಸೂಪ್ ಪುಡಿ ಎರಡು ಮಾತ್ರ ಇದಕ್ಕೆ ಹೊರತು, ಏಕೆಂದರೆ ಅವುಗಳ ಕೆಲಸವೇ ಉಪ್ಪಿನ ರುಚಿ ಕೊಡುವುದು.

ನಾನು ಹೇಳುವುದಾದರೆ ನೀವು ಮೊದಲು ಕೈ ಹಾಕಬೇಕಾದದ್ದು ಸೂಪ್ ಪುಡಿಗೆ. ಕಾರ್ನ್‌ಫ್ಲೋರ್ 100 ಗ್ರಾಂ, ಈರುಳ್ಳಿ ಪುಡಿ 30 ಗ್ರಾಂ, ಉಪ್ಪು 30 ಗ್ರಾಂ, ಬೆಳ್ಳುಳ್ಳಿ ಪುಡಿ 10 ಗ್ರಾಂ, ಸಕ್ಕರೆ 10 ಗ್ರಾಂ, ಕಾಳುಮೆಣಸಿನ ಪುಡಿ 6 ಗ್ರಾಂ, ನಿಮಗೆ ಇಷ್ಟವಾದ ಒಣಗಿಸಿದ ಸೊಪ್ಪಿನ ಪುಡಿ 4 ಗ್ರಾಂ. ಒಟ್ಟು 190 ಗ್ರಾಂ. 250 ಮಿಲಿಲೀಟರ್‌ನ ಇಪ್ಪತ್ತು ಬಟ್ಟಲಿಗೆ ಆಗುತ್ತದೆ, ಬಟ್ಟಲಿಗೆ ಒಂಬತ್ತೂವರೆ ಗ್ರಾಂ. ಇದರಂತೆ ಬಟ್ಟಲಿಗೆ ಬೀಳುವ ಉಪ್ಪು ಒಂದೂವರೆ ಗ್ರಾಂ. ಕಡಿಮೆ ಬೇಕೆಂದರೆ 20 ಗ್ರಾಂಗೆ ಇಳಿಸಿ. ತರಕಾರಿ ತಾಜಾ ಆಗಿಯೇ ಸೇರಲಿ. ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ: ಬಿಸಿ ನೀರು ಸುರಿದರೆ ಸಾಕು ಎನ್ನುವ ಪೊಟ್ಟಣಗಳಲ್ಲಿ ಮೊದಲೇ ಬೇಯಿಸಿ ಒಣಗಿಸಿದ ಪಿಷ್ಟ ಇರುತ್ತದೆ. ನಮ್ಮದರಲ್ಲಿ ಇರುವುದು ಹಸಿ ಪಿಷ್ಟ. ಅದನ್ನು ಬಿಸಿ ನೀರಿಗೆ ಹಾಕಿದರೆ ಹೊರಪದರ ಮಾತ್ರ ಬೆಂದು ಗಂಟಾಗುತ್ತದೆ. ತಣ್ಣೀರಿನಲ್ಲಿ ಕದಡಿ, ಆಮೇಲೆ ಒಲೆಗಿಟ್ಟು, ಕೈಯಾಡಿಸುತ್ತ ಎರಡು ನಿಮಿಷ ಚೆನ್ನಾಗಿ ಕುದಿಸಬೇಕು.

ಎರಡನೆಯದು ಪ್ಯಾನ್‌ಕೇಕ್, ಸಾದಾ ಕೇಕ್‌ಗಳಿಗೆ ಒಣ ಹಿಟ್ಟು. ಮೈದಾ 500 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 60 ಗ್ರಾಂ, ಸಕ್ಕರೆ 50 ಗ್ರಾಂ, ಬೇಕಿಂಗ್ ಪೌಡರ್ 25 ಗ್ರಾಂ, ಉಪ್ಪು 4 ಗ್ರಾಂ. ಮೂರು ಸಲ ಜರಡಿ ಹಿಡಿಯಿರಿ, ಇಲ್ಲದಿದ್ದರೆ ಬೇಕಿಂಗ್ ಪೌಡರ್ ಒಂದೇ ಕಡೆ ಉಳಿದು ಒಂದು ಪ್ಯಾನ್‌ಕೇಕ್ ಉಬ್ಬಿ ಇನ್ನೊಂದು ಚಪ್ಪಟೆಯಾಗುತ್ತದೆ. ಇದು ಪ್ಯಾನ್‌ಕೇಕ್‌ಗೆ ಸಾಕಾಗುವ ಸಿಹಿ. ಕೇಕ್ ಮಾಡುವ ದಿನ ಸಕ್ಕರೆಯನ್ನು ಬೇರೆಯಾಗಿ ಸೇರಿಸಿಕೊಳ್ಳಿ. ಬೆಣ್ಣೆ, ಎಣ್ಣೆ, ಮೊಟ್ಟೆ ಮಾಡುವ ದಿನವೇ ಸೇರಲಿ. ಕೊಬ್ಬು ಸೇರಿದ ಹಿಟ್ಟು ಬೇಗ ಕಮಟುತ್ತದೆ. ಕೆನೆ ಇರುವ ಹಾಲಿನ ಪುಡಿ, ಪೂರ್ತಿ ಗೋಧಿಯ ಹಿಟ್ಟು, ಬೀಜಗಳ ಪುಡಿ ಇವುಗಳಲ್ಲಿಯೂ ಕೊಬ್ಬಿದೆ. ಅವನ್ನು ಬಳಸುವುದಾದರೆ ಡಬ್ಬಿ ಫ್ರಿಜ್‌ನಲ್ಲಿರಲಿ. ಹಿಟ್ಟಿಗೆ ಹುಳು ಬೀಳುವ ಭಯವಿದ್ದರೆ ಮೈದಾವನ್ನು ಮೊದಲು ಗಾಳಿಯಾಡದ ಚೀಲದಲ್ಲಿ ಒಂದು ವಾರ ಫ್ರೀಜರ್‌ನಲ್ಲಿಡಿ, ಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಸಾಮಾನ್ಯ ಉಷ್ಣತೆಗೆ ಬರುವವರೆಗೆ ಬಿಚ್ಚಬೇಡಿ, ತಣ್ಣಗಿನ ಹಿಟ್ಟಿನ ಮೇಲೆ ಗಾಳಿಯ ತೇವ ಕೂರುತ್ತದೆ. ಮಕ್ಕಳು ಹಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕದಂತೆ ನೋಡಿಕೊಳ್ಳಿ. ಮೈದಾ ಬೇಯಿಸದ ಪದಾರ್ಥ, ಅದರಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಬೇಕಿಂಗ್ ಪೌಡರ್ ಮುಗಿದಾಗ ಒಂದು ಪಾಲು ಅಡುಗೆ ಸೋಡಾ, ಎರಡು ಪಾಲು ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿ ಬೆರೆಸಿ ಮನೆಯಲ್ಲೇ ಮಾಡಬಹುದು, ಕೂಡಿಡುವುದಾದರೆ ಒಂದು ಪಾಲು ಕಾರ್ನ್‌ಫ್ಲೋರ್ ಸೇರಿಸಬೇಕು. ಅಂಗಡಿಯ ಹೆಚ್ಚಿನ ಬೇಕಿಂಗ್ ಪೌಡರ್‌ಗಳು ಒಮ್ಮೆ ನೀರು ತಾಗಿದಾಗ, ಇನ್ನೊಮ್ಮೆ ಬಿಸಿ ತಾಗಿದಾಗ ಹೀಗೆ ಎರಡು ಹಂತದಲ್ಲಿ ಕೆಲಸ ಮಾಡುತ್ತವೆ. ಮನೆಯದು ಬಹುಪಾಲು ನೀರು ತಾಗಿದ ಕೂಡಲೇ ಮಾಡಿ ಮುಗಿಸುತ್ತದೆ, ಆದ್ದರಿಂದ ಕಲಸಿದ ಹಿಟ್ಟನ್ನು ತಡಮಾಡದೆ ಬೇಯಲು ಇಡಬೇಕು. ಕ್ರೀಮ್ ಆಫ್ ಟಾರ್ಟರ್ ನಿಮ್ಮಲ್ಲಿ ದುಬಾರಿಯಾಗಿದ್ದರೆ ಇದರಲ್ಲಿ ಉಳಿತಾಯವೇ ಇಲ್ಲ, ಬಿಟ್ಟುಬಿಡಿ. ಹಳೆಯ ಬೇಕಿಂಗ್ ಪೌಡರ್ ಚುರುಕಾಗಿದೆಯೇ ಎಂದು ನೋಡಲು ಅರ್ಧ ಚಮಚವನ್ನು ಸ್ವಲ್ಪ ಬಿಸಿ ನೀರಿಗೆ ಹಾಕಿ. ಜೋರಾಗಿ ನೊರೆಯೆದ್ದರೆ ಸರಿ.

ಸಣ್ಣಪುಟ್ಟವೂ ಇವೆ. ಉಳಿದ ಬ್ರೆಡ್ಡನ್ನು ಗರಿಗರಿಯಾಗುವವರೆಗೆ ಒಣಗಿಸಿ ಪುಡಿ ಮಾಡಿಟ್ಟರೆ ಬ್ರೆಡ್ ಪುಡಿ ಕೊಳ್ಳುವುದೇ ಬೇಡ. ಸಕ್ಕರೆ ಪುಡಿಯನ್ನು ಮಿಕ್ಸಿಯಲ್ಲಿ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಮಾಡಿಕೊಳ್ಳಿ. ಕೋಕೋ ಒಂದು ಪಾಲು, ಸಕ್ಕರೆ ಪುಡಿ ಎರಡು ಪಾಲು, ಹಾಲಿನ ಪುಡಿ ಎರಡು ಪಾಲು ಬೆರೆಸಿದರೆ ಬಿಸಿ ಚಾಕೊಲೇಟ್ ಪುಡಿ ಸಿದ್ಧ, ಸಿಹಿ ಹೆಚ್ಚೆನಿಸಿದರೆ ಸಕ್ಕರೆಯನ್ನು ಇಳಿಸಿ.

ಇನ್ನೊಂದು ಎಚ್ಚರಿಕೆಯನ್ನು ನೀವು ಕೇಳದಿದ್ದರೂ ಹೇಳಲೇಬೇಕು. ಮನೆಯಲ್ಲಿ ಮಸಾಲೆ ಮಾಡಲು ಆರಂಭಿಸಿದವರು ಮುಂದಿನ ಹೆಜ್ಜೆಯಾಗಿ ಹಸಿ ಬೆಳ್ಳುಳ್ಳಿಯನ್ನೋ ಹಸಿ ಸೊಪ್ಪನ್ನೋ ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿಡುತ್ತಾರೆ. ಇದು ಅಪಾಯ. ಬೆಳ್ಳುಳ್ಳಿಗೆ ಮಣ್ಣಿನಿಂದ ಬಂದ ಕ್ಲೋಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅಂಟಿರಬಹುದು. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ನೀರಿನ ಅಂಶವಿದೆ. ಆ ಬೀಜಾಣು ಮೊಳೆತು ವಿಷ ಮಾಡಲು ಬೇಕಾದ ವಾತಾವರಣ ಇದೇ. ರುಚಿ, ವಾಸನೆ, ಬಣ್ಣ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ, ಆ ವಿಷ ನರಗಳನ್ನು ಕುಗ್ಗಿಸಿ ಪ್ರಾಣಕ್ಕೆ ಎರವಾಗಬಲ್ಲದು. ಬೆಳ್ಳುಳ್ಳಿ ಎಣ್ಣೆ ಬೇಕೆನಿಸಿದ ದಿನ ಮಾಡಿ ಅಂದೇ ಬಳಸಿ, ಉಳಿದರೆ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ ಅಥವಾ ಚೆಲ್ಲಿ. ಪೂರ್ತಿ ಒಣಗಿದ ಪುಡಿಯಲ್ಲಿ ಈ ಭಯವಿಲ್ಲ. ಸೊಪ್ಪನ್ನು ಮನೆಯಲ್ಲಿ ಒಣಗಿಸುವುದಾದರೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ಬಾಗಿದರೆ ಇನ್ನೂ ಪಸೆ ಇದೆ ಎಂದರ್ಥ.

ಕೂಡಿಡಲು ಸಣ್ಣ ಗಾಜಿನ ಡಬ್ಬಿಗಳು ಉತ್ತಮ. ದೊಡ್ಡ ಡಬ್ಬಿ ಅರ್ಧ ಖಾಲಿಯಾದ ಮೇಲೆ ಅದರಲ್ಲಿ ಗಾಳಿಯೇ ಹೆಚ್ಚಿರುತ್ತದೆ, ಹಾಗಾಗಿ ಮಾಡಿದ್ದನ್ನು ಎರಡು ಸಣ್ಣ ಡಬ್ಬಿಗಳಿಗೆ ಕಂಠದವರೆಗೆ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಿರಿ. ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರವೆಂದು ಎಲ್ಲರೂ ಅಲ್ಲೇ ಇಡುತ್ತಾರೆ, ಮಸಾಲೆಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ: ಬಿಸಿ, ಹಬೆ ಎರಡೂ ಏರುವುದು ಅಲ್ಲಿಗೇ. ಡಬ್ಬಿಯ ಮೇಲೆ ಹೆಸರು, ಮಾಡಿದ ದಿನಾಂಕ, ಒಂದು ಬಟ್ಟಲಿಗೆ ಎಷ್ಟು ಎಂಬ ಅಳತೆ ಬರೆದು ಅಂಟಿಸಿ. ಹಾಲಿನ ಪುಡಿ, ಗೋಧಿ, ಬೀಜಗಳು, ಸಾಸಿವೆ ಸೇರಿದ್ದರೆ ಅದನ್ನೂ ಬರೆಯಿರಿ, ಅಲರ್ಜಿ ಇರುವ ಅತಿಥಿಗೆ ಅಡುಗೆ ಮಾಡುವವರು ಬೇರೆಯವರಿರಬಹುದು. ಪುಡಿ ಇನ್ನೂ ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಚಿಟಿಕೆ ಅಂಗೈಯಲ್ಲಿ ಉಜ್ಜಿ ಮೂಸಿ. ಘಮ ಮಂಕಾಗಿದ್ದರೆ ಅಪಾಯವಿಲ್ಲ, ಸ್ವಲ್ಪ ಹೆಚ್ಚು ಹಾಕಿ ಬೇಗ ಮುಗಿಸಿ.

ಕೊನೆಯದಾಗಿ ಮಕ್ಕಳ ದೂರು. ಅವರ ನಾಲಿಗೆ ಹೇಳುತ್ತಿರುವುದು ಸುಳ್ಳಲ್ಲ. ಪೊಟ್ಟಣದ ರುಚಿಯಲ್ಲಿ ಸಾಮಾನ್ಯವಾಗಿ ಉಪ್ಪಿನ ಜೊತೆಗೆ ಸ್ವಲ್ಪ ಸಿಹಿ, ಸಿಟ್ರಿಕ್ ಆಮ್ಲದ ಹುಳಿ, ಜೊತೆಗೆ ಮೋನೋಸೋಡಿಯಮ್ ಗ್ಲುಟಮೇಟ್ ಅಥವಾ ಅಂತಹದೇ ವಸ್ತುವಿನ ಗಾಢತೆ ಇರುತ್ತದೆ. ಈ ಗಾಢ ರುಚಿಗೆ ಗ್ಲುಟಮೇಟ್ ಕಾರಣವೆಂದು 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಕಂಡುಹಿಡಿದರು. ಅದೇ ಗ್ಲುಟಮೇಟ್ ಮಾಗಿದ ಟೊಮೆಟೊದಲ್ಲೂ ಅಣಬೆಯಲ್ಲೂ ಸಹಜವಾಗಿಯೇ ಇದೆ. ಒಣಗಿಸಿದ ಅಣಬೆ, ಒಣಗಿಸಿದ ಟೊಮೆಟೊ ನುಣ್ಣಗೆ ಪುಡಿ ಮಾಡಿ, ಮೇಲೆ ಹೇಳಿದ ಸೂಪ್ ಮಿಶ್ರಣಕ್ಕೆ ತಲಾ 10 ಗ್ರಾಂ ಸೇರಿಸಿ ನೋಡಿ. ಆಗ ಒಟ್ಟು ತೂಕ 210 ಗ್ರಾಂ ಆಗುತ್ತದೆ, ಬಟ್ಟಲಿಗೆ ಹತ್ತೂವರೆ ಗ್ರಾಂ ಹಾಕಿ. ಉದುರಿಸುವ ಮಸಾಲೆಗಾದರೆ ನೂರು ಗ್ರಾಂಗೆ ಅರ್ಧ ಸಣ್ಣ ಚಮಚ ಸಿಟ್ರಿಕ್ ಆಮ್ಲ, ಒಂದು ಚಮಚ ಸಕ್ಕರೆ ಪುಡಿ ಸಾಕು. ಸಿಟ್ರಿಕ್ ಆಮ್ಲವೂ ತೇವ ಹೀರುವುದರಿಂದ ಅದನ್ನು ಸೇರಿಸಿದ ಡಬ್ಬಿ ಚಿಕ್ಕದಾಗಿರಲಿ. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಇರುವ ಮಿಶ್ರಣಕ್ಕೆ ಅದನ್ನು ಹಾಕಲೇಬೇಡಿ. ಮೊದಲ ಎರಡು ವಾರ ಪೊಟ್ಟಣದ ಪುಡಿ ಅರ್ಧ, ಮನೆಯದು ಅರ್ಧ ಬೆರೆಸಿ ಕೊಡಿ, ಆಮೇಲೆ ಮನೆಯ ಪಾಲನ್ನು ಮುಕ್ಕಾಲಿಗೆ ಏರಿಸಿ. ಅಷ್ಟರಲ್ಲಿ ಉಪ್ಪು ಹೆಚ್ಚಿರಬೇಕೇ, ಹುಳಿ ಕಡಿಮೆ ಬೇಕೇ ಎಂದು ಮಕ್ಕಳೇ ಹೇಳುತ್ತಾರೆ. ಮುಂದಿನ ಡಬ್ಬಿಯ ಅಳತೆಯನ್ನು ಅದರಂತೆ ತಿದ್ದಿ ಬರೆದಿಟ್ಟುಕೊಳ್ಳಿ.